ಮುನ್ನೂರು ಸುತ್ತು

ಸುತ್ತಕ್ಕನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಸುಟ್ಟುಹೋದ ಫ್ಯಾನು, ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿಯಲ್ಲಿ ಮೂವತ್ತೊಂಬತ್ತು ವರ್ಷ ಕೂತ ಮೇಲೆ ಆ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವಳು ಸುತ್ತಕ್ಕ. ಅವಳ ಪಕ್ಕದ ಸ್ಟೂಲಿನವಳು ಗುಬ್ಬಿ. ಆಳು ಮೇಜಿಗೆ ಎಟುಕಿದರೆ ಹೆಚ್ಚು, ಬಾಯಿ ಮಾತ್ರ ಬೆಳಗಾದರೆ ಚಿಲಿಪಿಲಿ. ಆ ಹೆಸರು ಯಾಕೆ ಬಂತು ಅಂತ ಯಾರೂ ಕೇಳಬೇಕಾಗಿರಲಿಲ್ಲ.

ಗುಬ್ಬಿಯ ಸ್ಟೂಲು ಖಾಲಿಯಾಗಿ ಏಳು ವರ್ಷ. ಬರುವ ಶನಿವಾರ ಸುತ್ತಕ್ಕನದೂ ಖಾಲಿ.

"ಯಾರೂ ಸುತ್ತಿಸೋಕೆ ತರೋದೇ ಇಲ್ವಲ್ಲ ಸುತ್ತಕ್ಕ," ಅಂದಿದ್ದರು ಯಜಮಾನರು, ತಪ್ಪು ಮಾಡಿದವರ ಹಾಗೆ ಕಿವಿಯ ಹಿಂದೆ ತುರಿಸಿಕೊಳ್ಳುತ್ತ. "ಈಗಿನ ಫ್ಯಾನಿಗೆ ರಿಮೋಟು, ಒಳಗೊಂದು ಬೋರ್ಡು. ಕೆಟ್ಟರೆ ಬೋರ್ಡೇ ಬಿಸಾಕು, ಇಲ್ಲ ಫ್ಯಾನೇ ಬಿಸಾಕು. ಹಿಂದಿನ ಕೋಣೇಲಿ ಹೊಸ ಫ್ಯಾನಿನ ಡಬ್ಬ ಜೋಡಿಸ್ತೀನಿ. ನೀವು ಮುಂದಿನ ಕೌಂಟರಿನಲ್ಲಿ ಕೂತ್ಕೊಳ್ಳಿ, ಆರಾಮಾಗಿ."

"ಆರಾಮಾಗಿ ಕೂರೋಕೆ ಮನೇಲೇ ಕುರ್ಚಿ ಇದೆ," ಅಂದಿದ್ದಳು ಸುತ್ತಕ್ಕ. ಆಮೇಲೆ ಇಬ್ಬರೂ ನಕ್ಕಿದ್ದರು. ನಗದೆ ಏನು ಮಾಡುವುದು.

ಆ ಹಿಂದಿನ ಕೋಣೆಯೆಂದರೆ ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ. ಎಲ್ಲೋ ಕೆಡವಿದ ಮನೆಯ ಬಾಗಿಲೊಂದನ್ನು ಗೋಡೆಗೆ ತಾಗಿಸಿ ಮಲಗಿಸಿ ಮಾಡಿದ ಮೇಜು; ಹಳೆಯ ಚಿಲಕ ಇನ್ನೂ ಅದರ ಮೇಲೇ ಇತ್ತು. ಮೇಜಿನ ಮೇಲೆ ಕೈಯಲ್ಲಿ ತಿರುಗಿಸುವ ಎರಡು ಸುತ್ತುವ ಮಿಷನ್ನು. ಮೂಲೆಯಲ್ಲಿ ಒಂದು ಪೆಟ್ಟಿಗೆ, ಒಳಗೆ ಬಲ್ಬು: ವಾರ್ನಿಷ್‌ನಲ್ಲಿ ಅದ್ದಿ ತೆಗೆದ ತಂತಿಯ ಸುರುಳಿಯನ್ನು ಆ ಬಲ್ಬಿನ ಕಾವಿನಲ್ಲಿ ಒಣಗಲು ಇಡುವುದು. ಆ ವಾಸನೆ ಸುತ್ತಕ್ಕನ ಸೀರೆಗೆ, ಕೂದಲಿಗೆ, ಕನಸಿಗೂ ಹತ್ತಿತ್ತು ಅಂತ ಗುಬ್ಬಿ ಹೇಳುತ್ತಿದ್ದಳು. "ನಿನ್ನ ಗಂಡ ಇದ್ದಾಗ ಹೇಗೆ ತಡ್ಕೊಂಡನೇ ಮಾರಾಯ್ತಿ?" ಅಂತ.

ಮಿಷನ್ನುಗಳಿಗೆ ಸುತ್ತು ಎಣಿಸುವ ಮೀಟರು ಇತ್ತು. ಇಬ್ಬರೂ ಕೆಲಸಕ್ಕೆ ಸೇರಿದ ವರ್ಷವೇ ಅದು ಕೆಟ್ಟಿತು. "ನಾಳೆ ಸರಿ ಮಾಡಿಸೋಣ" ಅಂದರು ಯಜಮಾನರು. ಆ ನಾಳೆ ಬರಲೇ ಇಲ್ಲ. ಬಾಯಲ್ಲೇ ಎಣಿಸಬೇಕಾಯಿತು. ಒಂದು ಕಾಯಿಲ್‌ಗೆ, ಅಂದರೆ ಒಂದು ಸುರುಳಿಗೆ, ಮುನ್ನೂರು ಸುತ್ತು. ಹತ್ತು ಕಮ್ಮಿಯಾದರೆ ಫ್ಯಾನು ಬಿಸಿಯಾಗುತ್ತದೆ, ಹತ್ತು ಹೆಚ್ಚಾದರೆ ಅಮಲು ಬಂದವರ ಹಾಗೆ ತಿರುಗುತ್ತದೆ. ಮೊದಮೊದಲು ಎಣಿಸುವ ನಡುವೆ ಇವಳು ಅವಳನ್ನು ಮಾತಿಗೆಳೆದು, ಅವಳು ಇವಳನ್ನು ಮಾತಿಗೆಳೆದು, ಯಾರದೋ ಹಿಟ್ಟಿನ ಗಿರಣಿಯ ಮೋಟಾರು ಹೊಗೆ ಹಾಕಿ, ಗಿರಣಿಯವನು ಮೈಯೆಲ್ಲ ಬೆಳ್ಳಗೆ ಮಾಡಿಕೊಂಡೇ ಅಂಗಡಿಗೆ ಓಡಿ ಬಂದಿದ್ದ. ಅವತ್ತು ಇಬ್ಬರೂ ಕೂತು ಒಂದು ಕಾನೂನು ಮಾಡಿಕೊಂಡರು.

ಕೈ ತಿರುಗುತ್ತಿರುವಾಗ ಮಾತಿಲ್ಲ. ನೂರಾದರೆ ಎದುರಿನ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೀಟು. ಗೀಟೆಳೆದು, ಬೆರಳು ಕೊಡವಿ, ತಂತಿಯ ಬಿಗಿ ನೋಡುವಷ್ಟು ಹೊತ್ತು ಮಾತಾಡಬಹುದು. ಒಬ್ಬಳು ಮೊದಲು ಮುಗಿಸಿದರೆ ಇನ್ನೊಬ್ಬಳಿಗೆ ಕಾಯಬೇಕು. ಎಣಿಸುತ್ತಿರುವವಳು ನೂರು ಮುಟ್ಟಿ ತಾನೇ ಬಾಯಿ ಬಿಡುವ ತನಕ ಕಾದವಳು ಉಸಿರೆತ್ತುವ ಹಾಗಿಲ್ಲ.

ಹಾಗಾಗಿ ಆ ಕೋಣೆಯಲ್ಲಿ ಎಲ್ಲ ಸುದ್ದಿಯೂ ಕಂತಿನಲ್ಲೇ ಬರುತ್ತಿತ್ತು. "ನಿನ್ನೆ ನಮ್ಮ ಓಣಿಯ ದರ್ಜಿ ಹೆಂಡತಿ ತವರಿಗೆ ಹೊರಟ್ಳು ಕಣೇ," ಒಂದು ಗೀಟು. "ಟ್ರಂಕು ಎತ್ಕೊಂಡು ಮೂಲೆ ತನಕ ಹೋದ್ಳು," ಇನ್ನೊಂದು ಗೀಟು. ಮೂಲೆಯಿಂದಾಚೆ ಅವಳು ಏನಾದಳು ಅಂತ ತಿಳಿಯಲು ಇನ್ನೊಂದು ನೂರು. ಆ ನೂರನ್ನು ಸುತ್ತುವಾಗ ಸುತ್ತಕ್ಕನ ಬಾಯಿ ಅರವತ್ತು, ಅರವತ್ತೊಂದು ಅನ್ನುತ್ತಿದ್ದರೂ ಮನಸ್ಸು ಮೂಲೆಯಲ್ಲಿ ಟ್ರಂಕು ಕೆಳಗಿಟ್ಟು ನಿಂತಿರುತ್ತಿತ್ತು. ಇಬ್ಬರ ಮುಖವೂ ಗೋಡೆಗೆ. ಮೂವತ್ತೆರಡು ವರ್ಷ ಒಟ್ಟಿಗೆ ಕೂತರೂ ಎದುರುಬದುರು ಕೂತು ಮಾತಾಡಿದ್ದು ನೆನಪಿಲ್ಲ. ಕಣ್ಣಂಚಿನಲ್ಲಿ ಗುಬ್ಬಿಯ ಒಂದು ಪಕ್ಕ ಕಾಣುತ್ತಿತ್ತು, ಅಷ್ಟೇ: ಕೆಳಗಿಳಿದ ರೆಪ್ಪೆ, ಕೂದಲೆಳೆಯಷ್ಟು ತೆರೆದ ತುಟಿ. ಅದು ಗುಬ್ಬಿಯ ಎಣಿಸುವ ಮುಖ. ಕತ್ತಲಲ್ಲೂ ಗುರುತಿಸಬಲ್ಲೆ ಅನ್ನುವಷ್ಟು ಅದು ಸುತ್ತಕ್ಕನಿಗೆ ಬಾಯಿಪಾಠ.

ಏಳು ವರ್ಷದ ಹಿಂದೆ ಗುಬ್ಬಿಯ ಅಕ್ಕ ಜಾರಿಬಿದ್ದು ಸೊಂಟ ಮುರಿದುಕೊಂಡಳು. ರೈಲಿನಲ್ಲಿ ಒಂದು ಹಗಲು, ಮೇಲೆ ಅರ್ಧ ದಿನ ಬಸ್ಸು, ಅಷ್ಟು ದೂರದ ಊರು. "ಎರಡು ತಿಂಗಳು, ಅಷ್ಟೇ ಕಣೇ. ನನ್ನ ಸ್ಟೂಲಿನ ಮೇಲೆ ಯಾರನ್ನೂ ಕೂರಿಸ್ಬೇಡ," ಅಂತ ಹೋದಳು. ಹೊರಡುವ ದಿನ ಮಧ್ಯಾಹ್ನದ ತನಕ ಕೆಲಸ ಮಾಡಿದಳು. ತಾನು ಹುಡುಗಿಯಾಗಿ ಹೊಲಿಗೆ ಅಂಗಡಿಯಲ್ಲಿದ್ದಾಗ ದಿನಾ ಬಾಗಿಲ ಮುಂದೆ ಹಾದುಹೋಗುತ್ತಿದ್ದ ಹಸಿರು ಕೋಟಿನವನೊಬ್ಬನ ಕತೆ ಶುರು ಮಾಡಿದ್ದಳು. ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ಬಾಯಿ ಬಿಡದಿದ್ದ ಕತೆ. "ಒಂದಿನ ಅವನು ಸೀದಾ ಬಾಗಿಲಿಗೇ ಬಂದು ನಿಂತ. ನಿಂತು ಏನಂದ ಗೊತ್ತಾ?" ಅಂದಳು, ಗೀಟೆಳೆದಳು, ಕೈ ತಿರುಗಿಸಿದಳು. ಅರವತ್ತೋ ಎಪ್ಪತ್ತೋ ಆಗಿರಬೇಕು, ಹೊರಗೆ ಆಟೋದವನು ಹಾರ್ನ್ ಬಾರಿಸಿದ. ರೈಲಿನ ಹೊತ್ತು. ಉಳಿದ ಸುತ್ತು ಸುತ್ತಕ್ಕನೇ ಮುಗಿಸಿದಳು.

ಆಗ ಎಲ್ಲರ ಕೈಗೂ ಮುಖ ಕಾಣುವ ಫೋನು ಬರುತ್ತಿದ್ದ ಕಾಲ. ಯಜಮಾನರೇ ಒಂದೊಂದು ತೆಗೆಸಿಕೊಟ್ಟಿದ್ದರು. "ಇನ್ನೇನು ಸುತ್ತಕ್ಕ, ಅವರು ಅಲ್ಲಿ, ನೀವು ಇಲ್ಲಿ, ದೂರ ಅನ್ನೋದೇ ಇಲ್ಲ," ಅಂದಿದ್ದರು. ಸುತ್ತಕ್ಕ ನಂಬಿದಳು. ಮನಸಾರೆ ನಂಬಿದಳು. ಮೊದಲ ಸಲ ಗುಬ್ಬಿಯ ಮುಖ ಅಂಗೈಯಲ್ಲಿ ಬೆಳಗಿದಾಗ ಖುಷಿಗೆ ಫೋನಿಗೇ ಕೈಬೀಸಿದ್ದಳು.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು. ಬಿಸಿಲಾ ಅಲ್ಲಿ?"

"ಬಿಸಿಲೇ."

ಅಲ್ಲಿಗೆ ಮುಗಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ, ಹೆಣ್ಣು ನೋಡಲು ಬಂದವರ ಮುಂದೆ ಕೂತವರ ಹಾಗೆ ಕೂತರು. ಗುಬ್ಬಿಗೆ ಇಷ್ಟು ದೊಡ್ಡ ಮೂಗಿದೆ ಅಂತ ಸುತ್ತಕ್ಕನಿಗೆ ಆಗಲೇ ಗೊತ್ತಾದದ್ದು. ಹಸಿರು ಕೋಟಿನವನನ್ನು ಕೇಳಿದರೆ, "ಯಾವ ಕೋಟೇ? ಅಯ್ಯೋ, ಮರ್ತೋಯ್ತು ಬಿಡು," ಅಂದಳು ಗುಬ್ಬಿ. ಮರೆತಿರಲಿಲ್ಲ. ಅದು ಎದುರಿಗೆ ಮುಖವಿಟ್ಟುಕೊಂಡು ಹೇಳುವ ಮಾತಾಗಿರಲಿಲ್ಲ. ವರ್ಷ ಕಳೆದಂತೆ ಮಾತು ಇನ್ನೂ ಚಿಕ್ಕದಾಯಿತು. ಆಮೇಲೆ ಬೆಳಗಾದರೆ ಒಂದು ಗುಲಾಬಿ ಹೂವಿನ ಚಿತ್ರ, ಕೆಳಗೆ ಶುಭೋದಯ. ಸುತ್ತಕ್ಕನೂ ಒಂದು ಹೂವು ಕಳಿಸುತ್ತಿದ್ದಳು. ಏಳು ವರ್ಷದಲ್ಲಿ ಕಳಿಸಿದ ಹೂವನ್ನೆಲ್ಲ ಒಂದೆಡೆ ಸುರಿದಿದ್ದರೆ ಬೀದಿ ಮುಚ್ಚುತ್ತಿತ್ತು. ಮೂಗಿಗೆ ಒಂದು ಎಸಳಿನ ವಾಸನೆಯೂ ಬರಲಿಲ್ಲ.

ಅಂಗಡಿಯಲ್ಲಿ ಸುತ್ತುವ ಕೆಲಸ ನಿಲ್ಲುತ್ತದೆ ಅಂತ ಯಜಮಾನರು ಹೇಳಿದ ದಿನ, ಅಂದರೆ ಮೂರು ತಿಂಗಳ ಹಿಂದೆ, ಸುತ್ತಕ್ಕ ಹೂವಿನ ಬದಲು ಫೋನೇ ಮಾಡಿದಳು. ಗುಬ್ಬಿಯ ಮುಖ ಬಂತು. ಊಟ ಬಿಸಿಲು ಎಲ್ಲ ಬಿಟ್ಟು ಒಂದೇ ಉಸಿರಿಗೆ ಹೇಳಿಬಿಟ್ಟಳು. "ಗುಬ್ಬೀ, ಇಲ್ಲಿ ಸುತ್ತೋದು ನಿಲ್ಲಿಸ್ತಾರಂತೆ ಕಣೇ. ಮೇಜೂ ತೆಗೀತಾರಂತೆ. ಒಂದ್ಸಲ ಬಂದು ಹೋಗ್ತೀಯಾ? ಕೊನೇದು ಇಬ್ಬರೂ ಕೂತು ಸುತ್ತೋಣ."

ಅಷ್ಟರಲ್ಲಿ ಗುಬ್ಬಿ ಒಂದು ಪಕ್ಕಕ್ಕೆ ತಿರುಗಿದ್ದಳು, ಮಂಚದಿಂದ ಅಕ್ಕ ಕರೆದಿರಬೇಕು. ಹಾಗೇ ನಿಂತಳು. ಕೆಳಗಿಳಿದ ರೆಪ್ಪೆ. ಕೂದಲೆಳೆಯಷ್ಟು ತೆರೆದ ತುಟಿ.

ಎಣಿಸುತ್ತಿದ್ದಾಳೆ, ಅಂದುಕೊಂಡಳು ಸುತ್ತಕ್ಕ. ರಜೆಯನ್ನೋ, ರೈಲಿನ ದಿನವನ್ನೋ, ಅಕ್ಕನ ಪಕ್ಕ ಕೂರಿಸಲು ಸಿಗುವವರನ್ನೋ ಲೆಕ್ಕ ಹಾಕುತ್ತಿದ್ದಾಳೆ. ಬಾಯಿ ಬಿಡಲಿಲ್ಲ. ಫೋನನ್ನು ಸುತ್ತುವ ಮಿಷನ್ನಿಗೆ ಒರಗಿಸಿ ಕಾದಳು. ಗೋಡೆಯ ಮೇಲಿನ ಬಿಸಿಲು ಒಂದು ಗೇಣು ಸರಿಯಿತು. ಚಾರ್ಜು ತೀರಿ ಫೋನು ಕಪ್ಪಾಗುವ ತನಕ ಕಾದಳು. ಗುಬ್ಬಿ ಕಣ್ಣು ಮಿಟುಕಿಸಿರಲಿಲ್ಲ.

ಆಮೇಲೆ ಅತ್ತಲಿಂದ ಫೋನೂ ಇಲ್ಲ, ಹೂವೂ ಇಲ್ಲ. ಇವಳೂ ಮಾಡಲಿಲ್ಲ. ಮೊದಲ ವಾರ, ಇನ್ನೂ ಲೆಕ್ಕ ಮುಗಿದಿಲ್ಲ ಅಂದುಕೊಂಡಳು. ಆಮೇಲೆ, ಬರೋದಿಲ್ಲ ಅನ್ನಲು ಬಾಯಿ ಬರಲಿಲ್ಲವೇನೋ ಅಂದುಕೊಂಡಳು. ಆಮೇಲೆ ಏನನ್ನೂ ಅಂದುಕೊಳ್ಳದೆ ಇರಲು ಪ್ರಯತ್ನಪಟ್ಟಳು. ಅದಂತೂ ಆಗಲಿಲ್ಲ.

ಗುರುವಾರ ಮಧ್ಯಾಹ್ನ ಯಜಮಾನರ ಮಗಳು ಹಿಂದಿನ ಕೋಣೆಗೆ ಬಂದಳು. ಕಾಲೇಜಿನಲ್ಲಿ ಲೆಕ್ಚರರು. ಇದೇ ಮೇಜಿನ ಕೆಳಗೆ ತಂತಿಯ ಚೂರಿನಲ್ಲಿ ಬಳೆ ಮಾಡಿಕೊಂಡು ಬೆಳೆದವಳು, ಸುತ್ತಕ್ಕನನ್ನು ಅತ್ತೆ ಅಂತಲೇ ಕರೆಯುವುದು. ಕೈಯಲ್ಲಿ ನೋಟ್‌ಬುಕ್ಕು. ಕೂರಲು ಜಾಗ ಹುಡುಕಿ ಗುಬ್ಬಿಯ ಸ್ಟೂಲಿನ ಕಡೆ ನೋಡಿದಳು, ಸುತ್ತಕ್ಕನ ಮುಖ ನೋಡಿದಳು, ತಂತಿಯ ಪೆಟ್ಟಿಗೆಯ ಮೇಲೆ ಕೂತಳು.

"ಇದು ಯಾರ ಫ್ಯಾನು ಅತ್ತೆ?"

"ಕ್ಷೌರದಂಗಡಿಯವನದು. ಹೊಸದು ಹಾಕ್ಸಿದ್ನಂತೆ, ಸದ್ದೇ ಬರಲ್ವಂತೆ. ಸದ್ದಿಲ್ದೆ ಗಿರಾಕಿಗಳಿಗೆ ತೂಕಡಿಕೆ ಬರ್ತಿಲ್ವಂತೆ. ಎಚ್ಚರವಾಗಿ ಕೂತು ಅಲ್ಲಿ ಜಾಸ್ತಿ ತೆಗೆದೆ, ಇಲ್ಲಿ ಕಮ್ಮಿ ತೆಗೆದೆ ಅಂತ ಪ್ರಾಣ ತಿಂತಾರಂತೆ. ಹಳೇದೇ ಸುತ್ತಿಕೊಡಿ ಅಂದ. ಎಂಟು ಕಾಯಿಲ್‌ನಲ್ಲಿ ಏಳಾಯ್ತು. ಇನ್ನೊಂದಾದ್ರೆ ಅಂಗಡೀದೇ ಕೊನೇದು."

ಮಗಳು ಜೋರಾಗಿ ನಕ್ಕು ಅದನ್ನೇ ಬರೆದುಕೊಂಡಳು. "ನಂಗೆ ಇಂಥದ್ದೇ ಬೇಕಾಗಿತ್ತು. ಕಾಲೇಜಲ್ಲಿ ಚರ್ಚೆ ಇಟ್ಟಿದ್ದಾರೆ ಅತ್ತೆ. ಕಳೆದ ಹತ್ತು ವರ್ಷದಲ್ಲಿ ಬಂದ ಫೋನು, ಯಂತ್ರ, ಹಾಡು, ಸಿನಿಮಾ, ಇವೆಲ್ಲ ನಮಗೆ ನಿರಾಸೆ ಮಾಡಿದ್ವಾ ಅಂತ. ನಾನು ನಿರಾಸೆ ಆಯ್ತು ಅನ್ನೋ ಪಕ್ಷ. ಹಾರೋ ಕಾರು ಬರುತ್ತೆ ಅಂದಿದ್ರು, ಬಂತಾ? ಕೆಲಸ ಅರ್ಧ ಆಗುತ್ತೆ ಅಂದಿದ್ರು, ಆಯ್ತಾ? ನೀವು ಏನಂತೀರಿ?"

"ಹಾರೋ ಕಾರು ನಂಗೆ ಯಾಕೆ ಕೂಸೇ? ಬಸ್ಸಲ್ಲೇ ವಾಂತಿ ಬರುತ್ತೆ."

"ತಮಾಷೆ ಬೇಡ, ನಿಜ ಹೇಳಿ. ನಿರಾಸೆ ಆಯ್ತಾ?"

ಸುತ್ತಕ್ಕ ತಂತಿ ಕೊಯ್ಯದ ಹಾಗೆ ಬೆರಳಿಗೆ ಹಾಕಿದ್ದ ತೊಗಲಿನ ಕವಚವನ್ನು ತೆಗೆದು ಮೇಜಿನ ಮೇಲಿಟ್ಟಳು. "ಮುಖ ತೋರಿಸ್ತೀವಿ ಅಂದ್ರು, ತೋರಿಸಿದ್ರು. ಮಾತು ತಪ್ಪಲಿಲ್ಲ. ನಂಗೆ ಬೇಕಿದ್ದದ್ದು ಮಗ್ಗುಲು." ಖಾಲಿ ಸ್ಟೂಲಿನ ಮೇಲೆ ಕೈಯಾಡಿಸಿದಳು. "ಅದನ್ನ ಅವರ್ಯಾರೂ ಕೊಡ್ತೀವಿ ಅಂದಿರಲೇ ಇಲ್ಲ. ನಾನೇ ಹಾಗಂದ್ಕೊಂಡೆ. ಅವರ ತಪ್ಪು ಅಂತ ಹೇಗೆ ಹೇಳ್ಲಿ?"

ಮಗಳು ಪೆನ್ನು ಕೆಳಗಿಟ್ಟಳು. ಕೇಳಿ ಕೇಳಿ, ಮೂರು ತಿಂಗಳ ಹಿಂದಿನ ಫೋನಿನ ಕತೆಯನ್ನು ಹೊರಗೆ ತೆಗೆಸಿದಳು. ಕೇಳುತ್ತ ಕೇಳುತ್ತ ಅವಳ ಹುಬ್ಬು ಮೇಲೇರಿತು.

"ಅತ್ತೆ, ಕಣ್ಣೇ ಮಿಟುಕಿಸಲಿಲ್ವಾ? ಅಷ್ಟು ಹೊತ್ತು? ಅದು ಸಿಗ್ನಲ್ ಹೋಗಿ ಚಿತ್ರ ನಿಂತಿದ್ದು!"

"ಗೊತ್ತು ಕೂಸೇ. ಅವತ್ತೇ ಸಂಜೆ ಹೊಳೀತು. ಅಷ್ಟು ದಡ್ಡಿ ಅಲ್ಲ ನಾನು. ಆದ್ರೆ ಕೇಳಿದ್ದು ಕೇಳಿದೀನಲ್ಲ? ಜವಾಬು ಹೇಳ್ಬೇಕಾದೋಳು ಅವಳು. ಬಾಯಿ ಬಿಡಬೇಕಾದೋಳು ಅವಳು."

"ನೀವು ಕೇಳಿದ್ದು ಅವರಿಗೆ ಕೇಳಿಸ್ತು ಅಂತ ಯಾರು ಹೇಳಿದ್ರು? ಚಿತ್ರ ಯಾವಾಗ ನಿಂತಿತೋ ಏನೋ. ಅಲ್ಲೂ ನಿಮ್ಮ ಮುಖ ಹಾಗೇ ನಿಂತಿದ್ರೆ?"

ಈ ಮಾತು ಸುತ್ತಕ್ಕನಿಗೆ ಮೂರು ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಕೇಳಿದ್ದು ಕೇಳಿಸದೇ ಇರಲು ಗುಬ್ಬಿ ಯಾವತ್ತೂ ಒಂದು ಮೊಳಕ್ಕಿಂತ ದೂರ ಕೂತವಳೇ ಅಲ್ಲ.

ಮಗಳು ಸುತ್ತಕ್ಕನ ಫೋನನ್ನೇ ಎತ್ತಿಕೊಂಡು, ಮುಖ ಕಾಣದ ಹಾಗೆ, ಬರೀ ದನಿ ಬರುವ ಹಾಗೆ ಗುಬ್ಬಿಗೆ ಹಚ್ಚಿದಳು. ಮೂರು ಸಲ ಬಡಿದುಕೊಂಡಿತು. ಅತ್ತ ಯಾರೋ ಎತ್ತಿದರು. ಮಾತಿಲ್ಲ. ದೂರದಲ್ಲೊಂದು ಕೆಮ್ಮು, ಪಾತ್ರೆಯ ಸದ್ದು, ಹತ್ತಿರದಲ್ಲಿ ಒಂದು ಉಸಿರು. ಇತ್ತ ಸುತ್ತಕ್ಕನೂ ಬಾಯಿ ಬಿಗಿಹಿಡಿದು ಕೂತಿದ್ದಳು. ಮಗಳು ಫೋನು ನೋಡಿದಳು, ಸುತ್ತಕ್ಕನನ್ನು ನೋಡಿದಳು. ಚಿಕ್ಕಂದಿನಲ್ಲಿ ಈ ಮೇಜಿನ ಕೆಳಗೆ ಕೂತು ಕೇಳಿದ ಕಾನೂನು ನೆನಪಾಗಿರಬೇಕು.

"ಇಬ್ಬರಿಗೂ ನೂರಾಯ್ತು," ಅಂದಳು. "ಇನ್ನು ಮಾತಾಡಿ."

"ಆಯ್ತಾ?" ಅತ್ತಲಿಂದ ಗುಬ್ಬಿಯ ದನಿ ಒಡೆದು ಬಂತು. "ಅಯ್ಯೋ ನಿನ್ನ! ಮೂರು ತಿಂಗಳಿಂದ ಎಣಿಸ್ತಾ ಕೂತಿದೀಯಲ್ಲೇ, ಯಾವ ಹಡಗಿನ ಮೋಟಾರೇ ಅದು?"

"ನಾನಾ? ನೀನು ಎಣಿಸ್ತಿದ್ದೆ!"

"ನಾನೇನು ಎಣಿಸ್ಲಿ ಇಲ್ಲಿ, ಅಕ್ಕನ ಮಾತ್ರೇನಾ? 'ಗುಬ್ಬೀ' ಅಂದೆ, ಆಮೇಲೆ ತಲೆ ತಗ್ಗಿಸಿ ಕೂತುಬಿಟ್ಟೆ. ಒಂದು ಗಂಟೆ ನೋಡ್ದೆ. ಏನೋ ಮನಸ್ಸಿಗೆ ಬೇಜಾರಾಗಿದೆ, ನೂರಾದಾಗ ಅವಳೇ ಹೇಳ್ತಾಳೆ ಅಂತ ಸುಮ್ಮನಾದೆ. ನೀನು ಹೇಳ್ಲೇ ಇಲ್ಲ. ಹೂವು ಕಳಿಸೋಣ ಅಂದ್ರೆ, ಎಣಿಸೋರ ಮುಖಕ್ಕೆ ಹೂವು ಎಸೆಯೋದಾ ಅಂತ ಬಿಟ್ಟೆ."

ಸುತ್ತಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಹಾಗಾದರೆ ಕೇಳಿದ್ದು ತಲುಪಿಯೇ ಇಲ್ಲ. ಇನ್ನೊಮ್ಮೆ ಕೇಳಬೇಕು. ಮೊದಲ ಸಲಕ್ಕಿಂತ ಈಗ ಕೇಳುವುದೇ ಕಷ್ಟವಾಯಿತು.

"ಶನಿವಾರ ಮೇಜು ತೆಗೀತಾರೆ ಗುಬ್ಬಿ. ಒಂದೇ ಕಾಯಿಲ್ ಉಳಿದಿರೋದು. ಬರ್ತೀಯಾ ಅಂತ ಕೇಳಿದ್ದೆ ಅವತ್ತು. ಈಗ ಹೇಳಿದ್ರೂ ನಿಲ್ಲಿಸಿಡ್ತೀನಿ, ಕ್ಷೌರದವನಿಗೆ ಏನಾದ್ರೂ ಹೇಳ್ತೀನಿ. ಬರ್ತೀಯಾ?"

ಈ ಸಲ ಸಿಗ್ನಲ್ ಹೋಗಿರಲಿಲ್ಲ, ಅತ್ತಲಿಂದ ಉಸಿರು ಕೇಳುತ್ತಿತ್ತು.

"ಬೆನ್ನು ಹುಣ್ಣಾಗಿದೆ ಕಣೇ ಅಕ್ಕಂಗೆ. ಡಾಕ್ಟರು ದಿನಾ ಫೋನಲ್ಲೇ ನೋಡಿ ಹೇಳ್ತಾರೆ, ಅವರು ಹೇಳ್ದಂಗೆ ಹೊರಳಿಸಿ ಔಷಧಿ ಹಚ್ಚಬೇಕು. ಗಂಟೆಗೊಂದ್ಸಲ. ಈ ಫೋನಿಲ್ದಿದ್ರೆ ಅವಳು ಇಷ್ಟು ದಿನ ಉಳೀತಿರ್ಲಿಲ್ಲ. ಬರೋಕಾಗಲ್ಲ ಸುತ್ತೀ."

ಸುತ್ತೀ ಅಂತ ಕರೆಯುತ್ತಿದ್ದದ್ದು ಅವಳೊಬ್ಬಳೇ.

"ಹೂಂ," ಅಂದಳು ಸುತ್ತಕ್ಕ. ಸೀಮೆಸುಣ್ಣದ ತುಂಡನ್ನು ಎತ್ತಿಕೊಂಡಳು, ಮತ್ತೆ ಇಟ್ಟಳು.

"ಹೂಂ ಅನ್ಬೇಡ. ಫೋನು ಎಲ್ಲಿದೆ?"

"ಕೈಯಲ್ಲಿ."

"ನನ್ನ ಸ್ಟೂಲಿನ ಮೇಲಿಡು. ಮುಖ ಗಿಖ ಬೇಡ. ನೀನು ಗೋಡೆ ನೋಡ್ಕೊಂಡು ಸುತ್ತು. ನಾನೂ ಗೋಡೆ ಕಡೆ ತಿರುಗಿ ಕೂತೆ ನೋಡು, ಇಲ್ಲೂ ಒಂದು ಗೋಡೆ ಇದೆ. ಸೀಮೆಸುಣ್ಣ ಇಲ್ಲ, ಅಕ್ಕನ ಮಾತ್ರೆ ಡಬ್ಬಿ ಇದೆ. ನೂರಕ್ಕೊಂದು ಎತ್ತಿಡ್ತೀನಿ. ಲೆಕ್ಕ ತಪ್ಪಿದ್ರೆ ಗಿರಾಕಿ ಬೋಳಿಸೋ ಕತ್ತಿ ಹಿಡ್ಕೊಂಡೇ ಬರ್ತಾನೆ, ಹುಷಾರು."

ಸುತ್ತಕ್ಕ ಫೋನನ್ನು ಸ್ಟೂಲಿನ ಮೇಲಿಟ್ಟಳು. ಅದು ಜಾರದ ಹಾಗೆ ಕೆಳಗೆ ಒಂದು ಬಟ್ಟೆ ಮಡಿಸಿಟ್ಟಳು, ಕೂತವರಿಗೆ ಒತ್ತದಿರಲಿ ಅನ್ನುವ ಹಾಗೆ. ತೊಗಲಿನ ಕವಚ ಹಾಕಿಕೊಂಡು ತಂತಿಯ ತುದಿ ಸಿಕ್ಕಿಸಿ ಕೈ ತಿರುಗಿಸಿದಳು. ಕಿರಕ್ ಕಿರಕ್ ಅಂತ ಮಿಷನ್ನು ಸದ್ದು ಮಾಡಿತು. ಫೋನಿನೊಳಗಿಂದ ಗುಬ್ಬಿಯ ತುಟಿಯ ಪಿಸುಪಿಸು: ಹನ್ನೊಂದು, ಹನ್ನೆರಡು. ಮಗಳು ನೋಟ್‌ಬುಕ್ಕು ಮುಚ್ಚಿ ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಳು.

ನೂರು. ಗೋಡೆಯ ಮೇಲೆ ಒಂದು ಗೀಟು. ಅತ್ತ ಟಕ್ ಅಂತ ಒಂದು ಮಾತ್ರೆ.

"ಆ ಹಸಿರು ಕೋಟಿನವನು," ಅಂದಳು ಗುಬ್ಬಿ, ಏಳು ವರ್ಷ ನಡುವೆ ಬಂದೇ ಇಲ್ಲ ಅನ್ನುವ ಹಾಗೆ, "ಬಾಗಿಲಿಗೆ ಬಂದು ನಿಂತು ಏನಂದ ಗೊತ್ತಾ? 'ನಿಮ್ಮ ಮಿಷನ್ ಸದ್ದು ಕೇಳ್ದೆ ಹೋದ ದಿನ ನಂಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲ್ಲ' ಅಂದ."

ಸುತ್ತಕ್ಕನ ಕೈ ಆಗಲೇ ತಿರುಗತೊಡಗಿತ್ತು. ಇನ್ನು ಕೇಳುವ ಹಾಗಿಲ್ಲ. ಅದಕ್ಕೆ ನೀನೇನಂದೆ, ಅದಕ್ಕೆ ನೀನೇನಂದೆ ಅಂತ ಮನಸ್ಸು ಬಡಿದುಕೊಳ್ಳುತ್ತಿತ್ತು, ಬಾಯಿ ನೂರಾ ನಲವತ್ತು ಅನ್ನುತ್ತಿತ್ತು. ಎಷ್ಟು ವರ್ಷವಾಗಿತ್ತು ಈ ತಳಮಳ ಇಲ್ಲದೆ. ಇನ್ನೂರು. ಎರಡನೆಯ ಗೀಟು. ಎರಡನೆಯ ಮಾತ್ರೆ.

"ಅದಕ್ಕೆ ನೀನೇನಂದೆ?"

"ನಾನು ತಲೆ ಎತ್ಲಿಲ್ಲ. ಸೂಜಿಗೆ ದಾರ ಪೋಣಿಸ್ತಾ ಇದ್ದೆ, ಪೋಣಿಸ್ತಾನೇ ಇದ್ದೆ. ಆಮೇಲೆ ಒಂದು ಮಾತು ಅಂದೆ. ಅದನ್ನ ಇವತ್ತಿನ ತನಕ ಯಾರಿಗೂ ಹೇಳಿಲ್ಲ ನೋಡು." ಗುಬ್ಬಿ ಮಾತ್ರೆ ಡಬ್ಬಿ ಕುಲುಕಿದಳು. "ಸುತ್ತು, ಸುತ್ತು. ಹೇಳ್ತೀನಿ."

ಇನ್ನೂರಾ ಹತ್ತು. ಇನ್ನೂರಾ ಐವತ್ತು. ಕಿಟಕಿಯ ಬಿಸಿಲು ಮೇಜಿನ ಚಿಲಕದ ಮೇಲೆ ಬಿದ್ದು ತಾಮ್ರದ ಬಣ್ಣವಾಗಿತ್ತು. ಗೋಡೆಯ ಮೇಲೆ ಒರೆಸಿ ಒರೆಸಿ ಉಳಿದ ಸಾವಿರ ಗೀಟುಗಳ ಬಿಳಿ, ಅದರ ಮೇಲೆ ಇವತ್ತಿನ ಎರಡು. ಇನ್ನೂರಾ ತೊಂಬತ್ತು ದಾಟುತ್ತಲೇ ಸುತ್ತಕ್ಕನ ಕೈ ತಾನೇ ನಿಧಾನವಾಯಿತು. ತೊಂಬತ್ತೇಳು. ತೊಂಬತ್ತೆಂಟು. ಪಕ್ಕದ ಪಿಸುಪಿಸುವೂ ಅಷ್ಟೇ ನಿಧಾನವಾಯಿತು. ತೊಂಬತ್ತೊಂಬತ್ತು. ಮಿಷನ್ನು ಕೊನೆಯ ಸಲ ತಿರುಗಿ ನಿಂತಿತು.

ಮೂರನೆಯ ಮಾತ್ರೆ ಟಕ್ ಅಂದಿತು.

ಸುತ್ತಕ್ಕ ಸೀಮೆಸುಣ್ಣ ಎತ್ತಿದಳು. ಗೀಟೆಳೆಯಲಿಲ್ಲ. ಮೂವತ್ತೊಂಬತ್ತು ವರ್ಷದಲ್ಲಿ, ಆ ಗಿರಣಿಯ ಮೋಟಾರೊಂದನ್ನು ಬಿಟ್ಟರೆ, ಅವಳ ಕೈಯಿಂದ ಒಂದು ಸುತ್ತೂ ತಪ್ಪಿದ್ದಿಲ್ಲ.

"ಗುಬ್ಬೀ," ಅಂದಳು, "ಲೆಕ್ಕ ತಪ್ಪಿತು ಕಣೇ."

ಮಗಳು ಏನೋ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಅತ್ತ ಡಬ್ಬಿಯೊಳಕ್ಕೆ ಮಾತ್ರೆಗಳು ಮರಳಿ ಬಿದ್ದದ್ದು ಕೇಳಿಸಿತು. ಒಂದು. ಎರಡು. ಮೂರು.

"ನಂಗೂ ತಪ್ಪಿತು," ಅಂದಳು ಗುಬ್ಬಿ. "ಎಲ್ಲ ಬಿಚ್ಚು. ಮೊದಲಿಂದ ಸುತ್ತು."

ಸುತ್ತಕ್ಕ ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆಯ ಮೇಲಿನ ಎರಡು ಗೀಟನ್ನೂ ಒರೆಸಿದಳು.